ಸೆಟ್ಲು ರುದ್ರಪ್ಪಣ್ಣ

ರುದ್ರಪ್ಪಣ್ಣನ ಬಾಯಲ್ಲಿ ‘ಮುಗೀತು’ ಅನ್ನುವ ಮಾತನ್ನು ಯಾರೂ ಕೇಳಿದವರಿಲ್ಲ. ಮನೆಯಲ್ಲಿ ಅಕ್ಕಿ ಖಾಲಿಯಾದರೆ ‘ಅಕ್ಕಿ ತುಂಬೈತೆ’ ಅನ್ನುತ್ತಿದ್ದರು. ದೀಪ ಆರಿಸು ಅನ್ನುತ್ತಿರಲಿಲ್ಲ, ‘ದೀಪ ದೊಡ್ಡದು ಮಾಡು’ ಅನ್ನುತ್ತಿದ್ದರು. ಹೊರಟವರಿಗೆ ಬರೀ ‘ಹೋಗು’ ಅಂದದ್ದೇ ಇಲ್ಲ, ಸಾಲ ವಸೂಲಿಗೆ ಬಂದವನಿಗೂ ‘ಹೋಗ್ಬುಟ್ಟು ಬಾರಪ್ಪ’ ಅಂತಲೇ ಅಂದು ಕಳಿಸುತ್ತಿದ್ದರು. ‘ಅವನ್ನ ಮತ್ತೆ ಯಾಕಣ್ಣ ಕರೀತೀಯ’ ಅಂತ ನಾನು ರೇಗಿಸುತ್ತಿದ್ದೆ.

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದು ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅದರ ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ನಾನು ಅಂಗಡಿ ಇಟ್ಟ ಹೊಸತರಲ್ಲಿ ಊಟಕ್ಕೆ ಹೋಗುವಾಗ ಬಾಗಿಲಿಗೆ ‘ಕ್ಲೋಸ್ಡ್’ ಅನ್ನುವ ಬೋರ್ಡು ತೂಗುಹಾಕಿದ್ದೆ. ತಿರುಗಿ ಬರುವಷ್ಟರಲ್ಲಿ ಬೋರ್ಡು ಬೆನ್ನು ತಿರುಗಿಸಿ ನಿಂತಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಈಗ ಬತ್ತೀವಿ’ ಅಂತ ಬರೆದಿತ್ತು.

“ದುಡಿಯೋ ಬಾಗ್ಲಲ್ಲಿ ಆ ಮಾತು ಬರೀಬಾರ್ದು ಕಣಮ್ಮ. ಕ್ಲೋಸು ಅನ್ನೋದು ಮನುಷ್ಯ ಒಂಟೋದಾಗ ಅನ್ನೋ ಮಾತು,” ಅಂದರು.

ಹಾಗಾದರೆ ಮುಗಿದದ್ದಕ್ಕೆ ಏನನ್ನಬೇಕು? ಅದಕ್ಕೆ ಅವರ ಹತ್ತಿರ ಒಂದೇ ಮಾತಿತ್ತು: ಸೆಟ್ಲು. ಬಾಡಿಗೆ ಸಂದಾಯವಾದರೆ ಸೆಟ್ಲು, ಮಗಳ ಮದುವೆಯಾದರೆ ಸೆಟ್ಲು, ಜಗಳ ತೀರಿದರೆ ಸೆಟ್ಲು. ಒಮ್ಮೆ ಪಾವಗಡದ ಕಡೆಯ ಬೀಗರಿಬ್ಬರು ತೂತಾದ ಕೊಪ್ಪರಿಗೆ ಹೊತ್ತುಕೊಂಡು, ತೂತು ಮಾಡಿದ್ದು ನೀವು, ನೀವು ಅಂತ ತೆಲುಗಿನಲ್ಲಿ ಬೈದಾಡುತ್ತ ಬಂದರು. ರುದ್ರಪ್ಪಣ್ಣ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಕಾಫಿ ತರಿಸಿ, “ಕೊಪ್ಪರಿಗೆಗೆ ವಯಸ್ಸಾಗಿತ್ತು, ನಿಮ್ ಸಂಬಂಧಕ್ಕೆ ಇನ್ನೂ ಆಗಿಲ್ಲ. ಸೆಟ್ಲಾಯ್ತು ಬುಡಿ,” ಅಂದರು. ಬೆಸುಗೆ ಖರ್ಚು ಅವರ ಕೈಯಿಂದಲೇ ಹೋಯಿತು. ಅಂದಿನಿಂದ ಬೀದಿಯವರೆಲ್ಲ ಅವರನ್ನು ‘ಸೆಟ್ಲು ರುದ್ರಪ್ಪಣ್ಣ’ ಅಂದರು, ಅವರೂ ಅದನ್ನು ಬಿರುದಿನ ಹಾಗೆ ಇಟ್ಟುಕೊಂಡರು.

ಆ ಬಿರುದೇ ಅವರನ್ನು ತಿಂದಿತು.

ಮದುವೆಗಳೇ ನಡೆಯದ ಕೊರೊನಾ ಕಾಲದಲ್ಲಿ ಅವರು ಅಂಗಡಿಗೆಂದು ಫೈನಾನ್ಸ್ ಕಂಪನಿಯಲ್ಲಿ ಮಾಡಿದ್ದ ಸಾಲದ ಕಂತುಗಳು ನಿಂತವು. ಕಾಲ ಸ್ವಲ್ಪ ತಿಳಿಯಾದ ಮೇಲೆ ಅಪ್ಪನ ಕಾಲದ ತಾಮ್ರದ ಕೊಪ್ಪರಿಗೆಗಳನ್ನು ಮಾರಿ, ಅಸಲು, ಬಡ್ಡಿ, ದಂಡ ಎಲ್ಲ ಸೇರಿಸಿ ಒಂದೇ ಸಲಕ್ಕೆ ಕಟ್ಟಿ ರಸೀದಿ ತೆಗೆದುಕೊಂಡರು. ಸಾಲ ಕ್ಲೋಸ್ ಮಾಡಿ ಅಂತ ಒಂದು ಅರ್ಜಿ ಬರೆದುಕೊಡಿ ಎಂದರು ಫೈನಾನ್ಸ್ ಕಂಪನಿಯವರು. ತಮ್ಮ ಹೆಸರಿನ ಪಕ್ಕ ಆ ಪದ ಬರೆಯಲು ಅವರಿಗೆ ಕೈ ಏಳಲಿಲ್ಲ. ‘ನನ್ನ ಸಾಲವನ್ನು ಸೆಟ್ಲ್ ಮಾಡಿಕೊಡಬೇಕಾಗಿ ಪ್ರಾರ್ಥನೆ’ ಅಂತ ದುಂಡಗೆ ಬರೆದು ರುಜು ಹಾಕಿಕೊಟ್ಟರು. ಕೌಂಟರಿನಲ್ಲಿ ಕೂತಿದ್ದವನು ಅದನ್ನೇ ನೋಡಿ ಕಂಪ್ಯೂಟರಿಗೆ ಏರಿಸಿದ.

ಅದರ ಬೆಲೆ ಗೊತ್ತಾದದ್ದು ಅವರು ಬಾಡಿಗೆಗಿದ್ದ ಅಂಗಡಿಯ ಕಟ್ಟಡ ಮಾರಾಟಕ್ಕೆ ಬಂದಾಗ. ‘ಯುಗಾದಿವರೆಗೂ ಕಾಯ್ತೀವಿ, ಮೊದಲು ನೀವೇ ತಗೊಳ್ಳಿ’ ಎಂದರು ಮಾಲೀಕರು. ಬ್ಯಾಂಕಿನಲ್ಲಿ ಸಾಲ ಕೇಳಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಮ್ಯಾನೇಜರು ಕ್ರೆಡಿಟ್ ರಿಪೋರ್ಟು ನೋಡಿ, “ಇಲ್ಲಿ ಸೆಟಲ್ಡ್ ಅಂತಿದೆಯಲ್ರೀ,” ಅಂದರು.

“ಊಂ ಸಾಮಿ, ಪೂರಾ ಸೆಟ್ಲು ಮಾಡಿವ್ನಿ!” ರುದ್ರಪ್ಪಣ್ಣ ಎದೆಯುಬ್ಬಿಸಿ ಹೇಳಿದರು.

“ಸೆಟಲ್ಡ್ ಅಂದ್ರೆ ನೀವು ಪೂರ್ತಿ ಕಟ್ಟಿಲ್ಲ, ಬಂದಷ್ಟು ಸಾಕು ಅಂತ ಅವರೇ ಕೈಬಿಟ್ಟಿದ್ದಾರೆ ಅಂತ ಅರ್ಥ. ಕ್ಲೋಸ್ಡ್ ಅಂತ ಇರಬೇಕಿತ್ತು. ಸರಿಮಾಡಿಸ್ಕೊಂಡು ಬನ್ನಿ.”

ವಾಪಸ್ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತವರು, “ಇನ್ನೊಬ್ರು ದುಡ್ಡು ಉಳಿಸ್ಕೊಂಡೋನು ಅಂತ ಬರ್ದವ್ರಲ್ಲಮ್ಮ ನನ್ನ,” ಅಂದರು.

ತಪ್ಪು ತಿದ್ದಿ ಅಂತ ನಾನೇ ಆನ್‌ಲೈನಿನಲ್ಲಿ ತಕರಾರು ಹಾಕಿದೆ, ರಸೀದಿಯನ್ನೂ ಸೇರಿಸಿದೆ. ರಿಪೋರ್ಟು ಮಾಡುವವರು ತಾವಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರನ್ನು ಕೇಳುತ್ತಾರೆ. ತಪ್ಪು ಬರೆದವನನ್ನೇ ಕರೆದು ‘ತಪ್ಪು ಬರೆದೆಯಾ?’ ಅಂತ ಕೇಳುವ ನ್ಯಾಯ ಇದು! ಒಂದು ತಿಂಗಳಾದ ಮೇಲೆ ಉತ್ತರ ಬಂತು: ದಾಖಲೆ ಸರಿಯಾಗಿದೆ. ಫೈನಾನ್ಸ್ ಕಂಪನಿಗೆ ಫೋನು ಮಾಡಿದರೆ, “ಮೇಡಂ, ಸೆಟಲ್ಮೆಂಟ್ ಕೇಳಿದ್ದು ಕಸ್ಟಮರೇ. ಲೆಟರ್ ಇದೆ,” ಅಂತ ಆ ಅರ್ಜಿಯ ಫೋಟೋ ಕಳಿಸಿದರು. ಅದೇ ದುಂಡನೆಯ ಅಕ್ಷರ. ರಸೀದಿಯಲ್ಲಿದ್ದ ಪೂರ್ತಿ ಹಣ ಅವರ ಕಣ್ಣಿಗೆ ಕಾಣಲಿಲ್ಲ, ಒಂದು ಪದ ಕಂಡಿತು. ಮತ್ತೆ ತಕರಾರು ಹಾಕಿದೆ, ಕಂಪನಿಯ ಮೇಲಧಿಕಾರಿಗಳಿಗೂ ದೂರು ಬರೆದೆ.

ಅಷ್ಟರಲ್ಲಿ ಯುಗಾದಿ ಬಂತು. ಹೇಳಿದ ಮಾತಿನಂತೆ ಕಾದಿದ್ದ ಮಾಲೀಕರು ಕಟ್ಟಡವನ್ನು ಮೊಬೈಲ್ ಅಂಗಡಿಯವರಿಗೆ ಮಾರಿದರು. ಅವರನ್ನು ದೂರುವಂತಿಲ್ಲ. ಪಾತ್ರೆಗಳು ಸಿಕ್ಕಿದ ಬೆಲೆಗೆ ಹೋದವು. ಕೊನೆಯ ದಿನ ಬೀದಿಯ ಇಬ್ಬರು ಯಾವುದೋ ಜಗಳ ಹೊತ್ತು ತಂದರೆ ರುದ್ರಪ್ಪಣ್ಣ ತಲೆ ಎತ್ತಲಿಲ್ಲ. “ಕೋರ್ಟೈತೆ, ಪೋಲೀಸೈತೆ, ನನ್ನ್ ಬುಟ್ಬುಡ್ರಪ್ಪ,” ಅಂದರು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು, ಶಿರಾದ ಮಗಳ ಮನೆ ಸೇರಿಕೊಂಡರು.

ತಿದ್ದಿದ ರಿಪೋರ್ಟು ಬಂದದ್ದು ಮುಂಗಾರು ಶುರುವಾದ ಮೇಲೆ. ಪ್ರಿಂಟು ತೆಗೆದು, ಗೆದ್ದವಳ ಹಾಗೆ ಶಿರಾ ಬಸ್ಸು ಹತ್ತಿದೆ. ರುದ್ರಪ್ಪಣ್ಣ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದರು, ತೀರಾ ಇಳಿದುಹೋಗಿದ್ದರು.

“ಸರಿಹೋಯ್ತಣ್ಣ!”

“ಏನಂತ ಬರ್ದವ್ರೆ? ಓದು.”

ಕಾಗದ ಬಿಡಿಸಿದ ಮೇಲೆ ನನ್ನ ನಾಲಿಗೆ ತಡವರಿಸಿತು. ಅವರೆದುರು ಇಷ್ಟು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತು. “ಕ್ಲೋಸ್ಡ್,” ಅಂದೆ.

ಅವರು ನಕ್ಕರು. ಅಂಥ ನಗು ಅವರ ಮುಖದಲ್ಲಿ ನಾನು ನೋಡಿರಲಿಲ್ಲ. “ನನ್ನೆಸ್ರ್ ಮುಂದೆ ಈ ಮಾತು ಬರ್ಸಾಕಾ ನಾವ್ ಇಷ್ಟು ಬಡ್ಕೊಂಡಿದ್ದು?” ಅಂದರು. ಕಾಗದ ಕೈಗೆ ತೆಗೆದುಕೊಳ್ಳಲಿಲ್ಲ. ಒಂದು ಹಿಡಿ ಕಡಲೆಬೀಜ ನನ್ನ ಕೈಗೆ ಹಾಕಿದರು.

ಬಸ್ಸಿನ ಹೊತ್ತಾಯಿತು. ಎದ್ದು, “ಬರ್ತೀನಣ್ಣ,” ಅಂದೆ.

“ಊಂ, ಹೋಗಮ್ಮ,” ಅಂದರು.

ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ನಿಂತೆ. ‘ಬಾ’ ಅನ್ನುತ್ತಾರೇನೋ ಅಂತ ಕಾದೆ. ಅವರು ಕಡಲೆಕಾಯಿ ಸುಲಿಯುತ್ತಲೇ ಇದ್ದರು. ದೀಪಾವಳಿಗೆ ಮುಂಚೆ ಅವರ ಮಗಳು ಫೋನು ಮಾಡಿದಾಗ, ಅವಳು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿತ್ತು.