ಬಲಗಡೆಯ ನಕ್ಷತ್ರ

ಇವತ್ತು ಬೆಳಿಗ್ಗೆ ಹೊಸಬಾಳೆಯವರೊಬ್ಬರು ಬಂದು ಸಣ್ಣದೊಂದು ರಟ್ಟಿನ ಡಬ್ಬಿ ಕೊಟ್ಟು ಹೋದರು. "ಗೌರಮ್ಮನೋರು ತೀರ್ಕೊಂಡ್ರು. ಇದನ್ನ ನಿಮಗೇ ಮುಟ್ಟಿಸ್ಬೇಕು ಅಂದಿದ್ರು." ಮುಚ್ಚಳ ತೆಗೆದರೆ ವಿಭೂತಿಯ ವಾಸನೆ, ಒಳಗೆ ಏನೂ ಇಲ್ಲ. ಐವತ್ತರ ದಶಕದ ಕೊನೆಯಲ್ಲಿ ನಾನು ಅದನ್ನು ಕೊಟ್ಟಾಗಲೂ ಒಳಗೆ ಏನೂ ಇರಲಿಲ್ಲ.

ನನ್ನ ಅಪ್ಪ ಬರ್ಮಾ ಯುದ್ಧಕ್ಕೆ ಹೋಗಿಬಂದವನು. ನೀವು ಬಂದೂಕಿನ ಕಥೆ ಕೇಳಬೇಡಿ, ನನಗೆ ಗೊತ್ತಿಲ್ಲ. ಅಪ್ಪ ಗುಂಡಿನ ಪೆಟ್ಟಿಗೆ ಹೊರುವ ಹೇಸರಗತ್ತೆಗಳನ್ನು ನಡೆಸುತ್ತಿದ್ದ. ಅವನ ಯುದ್ಧದ ಮಾತಿನಲ್ಲಿ ಶತ್ರುಗಳಿಗಿಂತ ಕತ್ತೆಗಳೇ ಹೆಚ್ಚು. ಯಾವುದು ಕೆಸರು ಕಂಡರೆ ನಿಂತುಬಿಡುತ್ತಿತ್ತು, ಯಾವುದಕ್ಕೆ ಬೆಲ್ಲ ತೋರಿಸಬೇಕಿತ್ತು, ಎಲ್ಲ ನನಗೆ ಬಾಯಿಪಾಠ.

ವರ್ಷಕ್ಕೊಮ್ಮೆ, ಆಗಸ್ಟ್ ಹದಿನೈದರಂದು, ಹುಣಸೆಹಣ್ಣಿನಲ್ಲಿ ಉಜ್ಜಿದ ಪದಕಗಳನ್ನು ಕೋಟಿಗೆ ಚುಚ್ಚಿಕೊಂಡು ಬಳ್ಳಿಗಾವಿಯ ಶಾಲೆಗೆ ಹೋಗುತ್ತಿದ್ದ. ಎದೆಯ ಎಡಕ್ಕೆ ಎರಡು, ಬಲಕ್ಕೆ ಒಂದು ನಕ್ಷತ್ರ. "ಏನ್ರೀ ಸಿಪಾಯಿ, ಒಂದೇ ಕಡೆ ಜಾಗ ಸಾಲ್ಲಿಲ್ವಾ?" ಎಂದು ಮೇಷ್ಟ್ರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅಪ್ಪನದು ಒಂದೇ ಮಾತು: "ಅದು ಅಲ್ಲೇ ಇರ್ಬೇಕು ಕಣವ್ವಾ." ಬಾವುಟ ಹಾರಿಸಿದ ಮೇಲೆ ಶಿರಾಳಕೊಪ್ಪಕ್ಕೆ ಹೋಗಿ ಸೊರಬದ ಬಸ್ಸು ಹಿಡಿಯುತ್ತಿದ್ದ. ಯಾರೋ ಸ್ನೇಹಿತರ ಮನೆ ಎಂದಷ್ಟೇ ನಮಗೆ ಗೊತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಸುದ್ದಿ ಬಂದಾಗ ನಾನು ಗಂಡನ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಂದೆ. ನಮ್ಮ ಪದ್ಧತಿಯಂತೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೋಟು ಹಾಕಿದರು. ಪದಕ ಚುಚ್ಚುವ ಕೆಲಸ ನನ್ನದಾಯಿತು. ಕೊನೆಯ ಸಲವಾದರೂ ಯಾರೂ ನಗಬಾರದು ಎಂದು ಮೂರನ್ನೂ ಎಡಕ್ಕೇ ಸಾಲಾಗಿ ಚುಚ್ಚಿದೆ. ಪದಕಗಳ ಹಿಂದೆ ಕೊರೆದಿದ್ದ ಇಂಗ್ಲಿಷ್ ಅಕ್ಷರ ನನಗೆ ಓದಲು ಬರುವುದಿಲ್ಲ. ಹಾಗೆಯೇ ಮಣ್ಣು ಮಾಡಿದೆವು.

ಮೂರನೆಯ ದಿನ, ನಾನು ಅದುವರೆಗೆ ನೋಡಿರದ ಗೌರಮ್ಮ ಸೊರಬದ ಕಡೆಯ ಹೊಸಬಾಳೆಯಿಂದ ಬಂದರು. ಹಣೆಯಲ್ಲಿ ಕುಂಕುಮವಿರಲಿಲ್ಲ, ವಿಭೂತಿ ಮಾತ್ರ.

"ನಿಮ್ಮಪ್ಪನ ಕೋಟು ಒಂದ್ಸಲ ತೋರ್ಸವ್ವಾ."

"ಅದು ಅಪ್ಪನ ಮೈಮೇಲೇ ಹೋಯ್ತಲ್ರೀ."

"ಬಲಗಡೇದು?"

"ಎಲ್ಲಾ ಅವನ ಜೊತೆಗೇ ಕಳಿಸಿದ್ವಿ."

ಅವರು ಕಂಬ ಹಿಡಿದು ಕೆಳಗೆ ಕೂತರು. "ಅದು ನಮ್ಮನೆಯವ್ರದ್ದು ಕಣೇ."

ಅವರ ಗಂಡ ಅಪ್ಪನ ಜೊತೆಯೇ ಕತ್ತೆ ನಡೆಸುತ್ತಿದ್ದವರು. ಬರ್ಮಾದಿಂದ ಬರಲಿಲ್ಲ. ನಕ್ಷತ್ರ ಮಾತ್ರ ಒಂದು ರಟ್ಟಿನ ಡಬ್ಬಿಯಲ್ಲಿ, ಟಪಾಲಿನ ಮೂಲಕ ಬಂತು. "ಮಕ್ಳಿಲ್ಲ ಮರಿಯಿಲ್ಲ, ನಾನೇನು ಸೆರಗಿಗೆ ಚುಚ್ಕೊಳ್ಲಾ? ನೀವೇ ಹಾಕ್ಕೊಳಿ ಅಣ್ಣಾ ಅಂದೆ. ಬೇರೆಯವ್ರದ್ದನ್ನ ಬಲಕ್ಕೇ ಹಾಕ್ಬೇಕಂತೆ, ಪಲ್ಟಣದ ಪದ್ಧತಿ. ವರ್ಷಾ ವರ್ಷಾ ತಂದು ತೋರಿಸ್ತಿದ್ರು. ಅವತ್ತೊಂದಿನ ನಮ್ಮನೇಲೂ ಗಂಡಸರ ಊಟಕ್ಕೆ ಎಲೆ ಹಾಕ್ತಿದ್ದೆ."

ಒಬ್ಬರ ಗಂಡನ ಗುರುತನ್ನು ಮಣ್ಣಿಗೆ ಹಾಕಿದ್ದೆ, ಅದೂ ಅಪ್ಪನದೇ ಎಂಬಂತೆ. ಅಪ್ಪನ ಟ್ರಂಕು ಕೆದಕಿದೆ. ತಳದಲ್ಲಿ ಈ ರಟ್ಟಿನ ಡಬ್ಬಿ ಇತ್ತು. ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವರು ಬೆರಳಿನಿಂದ ಸವರಿ, "ಇದೇ ಅವರ ಹೆಸ್ರು" ಎಂದರು. ಗಂಡನ ಹೆಸರನ್ನು ಅವರು ಬಾಯಲ್ಲಿ ಹೇಳುವವರಲ್ಲ. ಖಾಲಿ ಡಬ್ಬಿಯನ್ನೇ ಅವರ ಕೈಗೆ ಕೊಟ್ಟೆ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಬಲಕ್ಕೇ ಇತ್ತು ತಾನೆ?"

"ಬಲಕ್ಕೇ ಇತ್ತು" ಎಂದೆ.

"ಹಂಗಾರೆ ಸಾಕು. ಇಬ್ರೂ ಜೊತೇಲಿರ್ಲಿ."

ಆಮೇಲೆ ಎಷ್ಟು ಸಲ ಸೊರಬದ ಬಸ್ಸು ನೋಡಿಯೂ ಹತ್ತಲಿಲ್ಲ. ನಿಜ ಹೇಳಲು ಇನ್ನು ಅವರೂ ಇಲ್ಲ, ನಿಮಗೆ ಹೇಳುತ್ತಿದ್ದೇನೆ.

ಈಗ ಡಬ್ಬಿಯನ್ನು ಅಪ್ಪನ ಪಟದ ಬಲಕ್ಕೆ ಇಟ್ಟೆ. ಪಟದಲ್ಲಿ ಅಪ್ಪ ನನ್ನ ಕಡೆ ಮುಖ ಮಾಡಿ ನಿಂತಿದ್ದಾನೆ. ಅವನ ಬಲ ಯಾವ ಕಡೆ ಎಂದು ನನ್ನ ಕೈಯನ್ನೇ ಎರಡು ಸಲ ನೋಡಿಕೊಂಡು, ಡಬ್ಬಿಯನ್ನು ಎತ್ತಿ ಆ ಕಡೆಗೆ ಇಟ್ಟೆ.