ಗೋಡೆ ನೆಕ್ಕಿದ ಮೇಸ್ತ್ರಿ

ಮೇಸ್ತ್ರಿಯ ನಾಲಿಗೆ ಯಾವಾಗಲೂ ಬಿಳಿಚಿಕೊಂಡಿರುತ್ತಿತ್ತು. ನಡುವೆ ಒಂದು ಸೀಳು, ತುದಿಯಲ್ಲಿ ಸುಣ್ಣ ಸುಟ್ಟ ಕಲೆ. ಎಲೆ ಅಡಿಕೆಯ ಸುಣ್ಣವಲ್ಲ, ಗಾರೆಯ ಸುಣ್ಣ. ಅದು ಸರಿಯಾಗಿ ಅರಳಿದೆಯೋ ಇಲ್ಲವೋ ಎಂದು ಬಾಯಿಗೆ ಹಾಕಿಯೇ ನೋಡುತ್ತಿದ್ದರು. ಮರಳು ಬಂದರೆ ಒಂದು ಚಿಟಿಕೆ ಬಾಯಿಗೆ. ಕೆಂಪು ಕಲ್ಲಿನ ಲಾರಿ ಬಂದರೆ ನಾಲ್ಕು ಕಲ್ಲು ಎತ್ತಿ, ಬೆರಳಿನ ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು ಕೇಳಿ, ಒಂದನ್ನು ನೆಕ್ಕಿ ಬದಿಗಿಡುವರು. ನೋಡುವವರಿಗೆ ಹೇಸಿಗೆ. ಮೊದಮೊದಲು ನನಗೂ ಹೇಸಿಗೆಯೇ ಆಗಿತ್ತು.

ನಮ್ಮ ಮನೆ ಮರವಂತೆಯಲ್ಲಿ. ರಸ್ತೆಯ ಆಚೆ ಕಡಲು, ಈಚೆ ಹೊಳೆ. ನಾನು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಾರಿದವಳು, ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಗಂಡ ದೋಣಿಗೆ ಹೋಗುತ್ತಿದ್ದರು. ಇಬ್ಬರೂ ಸೇರಿ ಈ ಮನೆ ಕಟ್ಟಿಸುವಾಗ ಕೋಟೇಶ್ವರದಿಂದ ಈ ಮೇಸ್ತ್ರಿಯನ್ನು ಕರೆಸಿದ್ದು. ಗೋಡೆ ಏಳುವ ಮೊದಲೇ ಜಗಳವಾಯಿತು. ಲಾರಿಯವನು ಹೊಳೆಯ ಮರಳು ಎಂದು ಹೇಳಿ ಅಂಗಳದಲ್ಲಿ ಸುರಿದ. ಮೇಸ್ತ್ರಿ ಒಂದು ಚಿಟಿಕೆ ಬಾಯಿಗೆ ಹಾಕಿ ಉಗುಳಿದರು.

"ಹ್ವಾಯ್, ಇದ್ ಅಳಿವೆ ಬಾಗ್ಲದ್ ಹೊಯ್ಗಿ, ಕಡ್ಲ್ ನೀರ್ ಕುಡ್ದದ್ದ್. ವಾಪಾಸ್ ತಕಂಡ್ ಹೋಯ್ನಿ."

"ನೆಕ್ಕಿ ಹೇಳುಕೆ ನೀವೆಂತ ದನವಾ?" ಎಂದ ಲಾರಿಯವನು.

"ದನಕ್ಕಾರೂ ಗೊತ್ತಾತ್ತ್. ನಿಂಗ್ ಅದೂ ಇಲ್ಲ."

ಮತ್ತೆ ಹೊಳೆಯ ಮರಳು ಬರಲು ಎಂಟು ದಿನವಾಯಿತು. ಕೆಲಸ ನಿಂತಿತು. ನನ್ನ ಗಂಡ ಹಾರಾಡಿದರು. ಮೇಸ್ತ್ರಿ ನನ್ನ ಕಡೆ ತಿರುಗಿದರು. ಅಂಗಳದಲ್ಲಿ ಉಳಿದಿದ್ದ ಆ ಮರಳನ್ನು ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿ, "ಅಕ್ಕ, ನೀವ್ ಮೀನ್ ಮಾರುವವ್ರ್. ಉಪ್ಪ್ ನಿಮ್ಗ್ ಗೊತ್ತಾಯ್ದಿದ್ರೆ ಮತ್ಯಾರಿಗ್ ಗೊತ್ತಾಪುದ್?" ಎಂದರು. ನಾನೂ ಬಾಯಿಗೆ ಹಾಕಿದೆ. ಉಪ್ಪೇ. ಗಂಡನಿಗೆ ಸುಮ್ಮನಿರಿ ಎಂದೆ. ಅಲ್ಲಿಗೆ ಹೇಸಿಗೆಯೂ ಹೋಯಿತು.

ಮಾತು ಕಮ್ಮಿಯ ಮನುಷ್ಯ. ಗಾರೆ ಬಳಿಯುವ ತಮ್ಮ ಕರಣಿಯನ್ನು ಯಾರೂ ದಾಟಬಾರದು. ಕೈ ತೊಳೆಯದೆ ಚಾ ಮುಟ್ಟುವವರಲ್ಲ. ಕೆಲಸ ಯಾವತ್ತು ಮುಗಿಯುತ್ತದೆ ಎಂದು ಕೇಳಿದರೆ "ಮುಗ್ದ್ ದಿವ್ಸ" ಎನ್ನುವರು, ಅಷ್ಟೇ. ನನಗೆ ಎಷ್ಟೋ ಸಲ ಸಿಟ್ಟು ಬಂದದ್ದಿದೆ. ಈಗಿನವರ ಮಾತು ಕೇಳಿದ ಮೇಲೆ ಆ ಸಿಟ್ಟು ವ್ಯರ್ಥವಾಯಿತಲ್ಲ ಎಂದು ಅನಿಸುತ್ತದೆ.

ಈಗಿನವರು ಎಂದರೆ ಕಂಟ್ರಾಕ್ಟುದಾರರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೈವೇಯಲ್ಲಿ ಹೋಗಿ ನೋಡಿ, ಎಷ್ಟು ಬೋರ್ಡು! ಹೋದ ವರ್ಷ ಬೇಸಗೆಯಲ್ಲಿ ನಮ್ಮ ಅಡುಗೆ ಕೋಣೆಯ ಹಿಂದಿನ ಗೋಡೆ ಬೆವರತೊಡಗಿತು. ಬಣ್ಣ ಹಪ್ಪಳದಂತೆ ಎದ್ದು ಉದುರಿತು. ಆಚೆ ಬದಿಯಲ್ಲಿ ಬಚ್ಚಲು. ಮುಂಬೈಯ ಹೋಟೆಲು ಬಿಟ್ಟು ಬಂದು ನಮ್ಮೊಟ್ಟಿಗಿರುವ ಮಗ ಫೋನಿನಲ್ಲಿ ಹುಡುಕಿ ಒಬ್ಬನನ್ನು ಕರೆಸಿದ. ಅವನ ಕಾರಿನ ಮೇಲೆ "ಉಚಿತ ಸ್ಕ್ಯಾನಿಂಗ್" ಎಂದು ಬರೆದಿತ್ತು. ಮೂರು ವರ್ಷದ ಹಿಂದೆ ಕುಂದಾಪುರದಲ್ಲಿ ಮೊಬೈಲಿಗೆ ಕವರು ಮಾರುತ್ತಿದ್ದವನಂತೆ. ಕರಣಿ ಹಿಡಿದ ಕೈ ಹೇಗಿರುತ್ತದೆಂದು ನನಗೆ ಗೊತ್ತು. ಇವನ ಕೈ ಬಾಳೆದಿಂಡಿನ ಹಾಗಿತ್ತು.

ಬಂದವನು ಗೋಡೆ ಮುಟ್ಟಲಿಲ್ಲ. ಪೆಟ್ಟಿಗೆ ಬಿಚ್ಚಿದ. ಒಂದರಿಂದ ಹಸಿರು ಗೆರೆ ಗೋಡೆಯ ಮೇಲೆ ಬಿತ್ತು, ಸೊಸೆ ಅದರ ವಿಡಿಯೋ ಮಾಡಿದಳು. ಇನ್ನೊಂದು ಕ್ಯಾಮರಾ, ಅದರಲ್ಲಿ ಗೋಡೆ ಯಕ್ಷಗಾನದ ಬಣ್ಣದ ವೇಷದಂತೆ ಕೆಂಪು ನೀಲಿ ಕಾಣುತ್ತಿತ್ತು. ಮೂರನೆಯದಕ್ಕೆ ಎರಡು ಸೂಜಿ. ಅದನ್ನು ಗೋಡೆಗೆ ಚುಚ್ಚಿದ್ದೇ ತಡ ಕುಂಯ್ ಎಂದು ಕೂಗಿತು.

"ಫುಲ್ ನೀರ್ ಇತ್ತ್ ಅಮ್ಮ. ಬಾತ್ರೂಮ್ ಪೈಪ್ ಒಡ್ದಿತ್."

ಮಾರನೆಯ ದಿನವೇ ಮಗನ ಹತ್ತಿರ ಹೂಂ ಎನಿಸಿಕೊಂಡು ಬಚ್ಚಲಿನ ನೆಲ ಅಗೆಸಿದ. ಪೈಪು ಸಿಕ್ಕಿತು, ಒಂದು ಹನಿ ಸೋರಿರಲಿಲ್ಲ. ನಾಚಿಕೆಯಾದರೂ ಆಗಬೇಕಿತ್ತು. ಆಗಲಿಲ್ಲ. ಮತ್ತೆ ಸೂಜಿ ಚುಚ್ಚಿದ, ಮತ್ತೆ ಕೂಗಿತು. ನೆಲದಿಂದಲೇ ಗೋಡೆ ನೀರು ಕುಡಿಯುತ್ತಿದೆ, ಇದನ್ನು ಕೆಡವಿ ಬ್ಲಾಕಿನಲ್ಲಿ ಕಟ್ಟಬೇಕು, ಸೋಮವಾರ ಶುರು ಮಾಡುವ ಎಂದ. ಮಗ ಆಯಿತು ಎಂದ. ಆ ಗೋಡೆಯ ಮೇಲೆ ಹೆಂಚಿನ ಮಾಡಿನ ದೊಡ್ಡ ತೊಲೆ ಕುಳಿತಿದೆ. ಮಳೆಗೆ ಒಂದು ತಿಂಗಳಿಲ್ಲ. ನಾನು ಬೇಡವೆಂದೆ.

"ಅಮ್ಮ, ಮಿಷನ್ ಸುಳ್ಳ್ ಹೇಳತ್ತಾ?"

"ಮಿಷನ್ ಹೇಳುದ್ ಬರೀ ಕುಂಯ್ ಅಂದ್ಕಂಡ್. ನೀರ್ ಅಂದ್ಕಂಡ್ ಹೇಳದ್ದ್ ಅವ್ನ್."

"ನಿಂಗ್ ಇದೆಲ್ಲ ಗೊತ್ತಾತ್ತಿಲ್ಲ."

ಅದು ಚುಚ್ಚಿತು. ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ರಿಕ್ಷಾ ಮಾಡಿಕೊಂಡು ಕೋಟೇಶ್ವರಕ್ಕೆ ಹೋದೆ. ಮೇಸ್ತ್ರಿ ಜಗಲಿಯಲ್ಲಿ ಕುಳಿತಿದ್ದರು. ಮೈ ಇಳಿದಿತ್ತು, ಎರಡೂ ಕಣ್ಣಿಗೆ ಪೊರೆ. ದನಿಯಿಂದ ನನ್ನ ಗುರುತು ಹಿಡಿದರು.

"ಕಣ್ಣ್ ಕಾಂತಿಲ್ಲ ಅಕ್ಕ. ನಾ ಬಂದ್ ಎಂತ ಮಾಡುದ್?"

"ಕಣ್ಣ್ ಇಪ್ಪೋರ್ ಕಂಡ್ ಆಯ್ತ್. ನೀವ್ ಬನಿ."

ನಮ್ಮ ಮನೆಯೆದುರು ರಿಕ್ಷಾದಿಂದ ಅವರನ್ನು ಕೈ ಹಿಡಿದು ಇಳಿಸಿಕೊಳ್ಳುವಾಗ ಕಂಟ್ರಾಕ್ಟುದಾರನೂ ಅಂಗಳದಲ್ಲಿದ್ದ, ಅಳತೆಗೆಂದು ಬಂದಿದ್ದ. ಮೇಸ್ತ್ರಿ ಅವನ ಕಡೆ ತಿರುಗಲಿಲ್ಲ. ಗೋಡೆಗೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ತಡವಿದರು. ಉಬ್ಬಿ ಸಡಿಲವಾಗಿದ್ದ ಸಿಮೆಂಟಿನ ಸಾರಣೆಯನ್ನು ಉಗುರಿನಿಂದ ಕೆರೆದು ಒಳಗಿನ ಕಲ್ಲು ಮುಟ್ಟಿದರು. ಬಗ್ಗಿ ನೆಕ್ಕಿದರು.

"ಉಪ್ಪ್."

ಕಂಟ್ರಾಕ್ಟುದಾರ ನಕ್ಕ. "ಅಜ್ಜರೆ, ನಿಮ್ ನಾಲ್ಗಿಗೆ ಸೆನ್ಸರ್ ಇತ್ತಾ?"

ಮೇಸ್ತ್ರಿ ನನ್ನನ್ನು ಕೇಳಿದರು. "ಅಕ್ಕ, ಒಣಮೀನ್ ಇತ್ತಾ?"

ಒಳಗಿನಿಂದ ಉಪ್ಪು ಹಾಕಿ ಒಣಗಿಸಿದ ಬಂಗುಡೆ ತಂದೆ. "ಅದಕ್ಕ್ ಹೆಟ್ಟುಕ್ ಹೇಳಿ ಆ ಸೂಜಿ" ಎಂದರು. ಅವನು ಒಪ್ಪಲಿಲ್ಲ. ಸೊಸೆ ಯಂತ್ರವನ್ನು ಅವನ ಕೈಯಿಂದ ತೆಗೆದುಕೊಂಡು ಮೀನಿಗೆ ಚುಚ್ಚಿದಳು. ಗೋಡೆಗಿಂತ ಜೋರಾಗಿ ಕೂಗಿತು.

"ಮೀನ್ ಒಳ್ಗೂ ಪೈಪ್ ಒಡ್ದಿತ್ತಾ?" ಎಂದರು ಮೇಸ್ತ್ರಿ.

ಸೊಸೆಗೆ ನಗು ತಡೆಯಲಾಗಲಿಲ್ಲ. ಮಗನೂ ನಕ್ಕ. ಕಂಟ್ರಾಕ್ಟುದಾರ ಯಂತ್ರಕ್ಕೆ ಕ್ಯಾಲಿಬ್ರೇಶನ್ ಆಗಬೇಕು ಎಂದು ಏನೋ ಹೇಳಿ ಪೆಟ್ಟಿಗೆ ಕಟ್ಟಿದ. ಅಗೆದ ಬಚ್ಚಲನ್ನು ಮುಚ್ಚಲು ಕೂಡ ತಿರುಗಿ ಬರಲಿಲ್ಲ. ಅವನ ಕಾರು ಈಗಲೂ ಓಡುತ್ತಿದೆ. ಮೊನ್ನೆ ಬೈಂದೂರಿನಲ್ಲಿ ನನ್ನ ತಂಗಿಯ ಮನೆಯ ಗೋಡೆಗೂ ಸೂಜಿ ಚುಚ್ಚಿ ಹೋಗಿದ್ದಾನೆ. ಒಣಮೀನಿನ ಕಥೆ ಹೇಳಿದರೆ ತಂಗಿ, "ಅದ್ ಹಳೇ ಮಿಷನ್ ಆಯಿಕ್ಕ್, ಈಗ ಹೊಸತ್ ತಂದಿದ್ದ" ಎನ್ನುತ್ತಾಳೆ. ಇವರ ಹತ್ತಿರ ಏನು ಮಾತಾಡುವುದು?

ಅವನು ಹೋದ ಮೇಲೆ ಮಗ ಸರಿಯಾದ ಪ್ರಶ್ನೆಯನ್ನೇ ಕೇಳಿದ. "ಇಷ್ಟ್ ಉಪ್ಪ್ ಎಲ್ಲಿಂದ ಬಂತ್ ಮೇಸ್ತ್ರಿ?"

ಮೇಸ್ತ್ರಿ ಮತ್ತೊಮ್ಮೆ ಗೋಡೆಯ ಬುಡ ತಡವಿದರು. ಕಾಣದ ಕಣ್ಣನ್ನು ನಾನು ನಿಂತ ಕಡೆಗೆ ತಿರುಗಿಸಿ, "ಕಡಲ್ ಗಾಳಿ" ಎಂದರು.

ಆಮೇಲೆ ಮದ್ದು ಹೇಳಿದರು. ಸಿಮೆಂಟು ಪೂರ್ತಿ ಕೆತ್ತಿ ತೆಗೆಯಬೇಕು. ಗದ್ದೆಯ ಜೇಡಿಮಣ್ಣನ್ನು ಸಿಹಿನೀರಿನಲ್ಲಿ ಕಲಸಿ ಗೋಡೆಗೆ ದಪ್ಪಗೆ ಮೆತ್ತಬೇಕು. ಒಣಗಿ ಬಿರಿಯುವಾಗ ಮಣ್ಣು ಒಳಗಿನ ಉಪ್ಪನ್ನು ಎಳೆದುಕೊಳ್ಳುತ್ತದೆ. ಆ ಮಣ್ಣನ್ನು ಕಿತ್ತು ದೂರ ಎಸೆದು ಮತ್ತೆ ಹೊಸತು ಮೆತ್ತಬೇಕು. ಕಿತ್ತ ಮಣ್ಣು ಬಾಯಿಗೆ ಸಪ್ಪೆಯಾಗುವವರೆಗೆ ಇದೇ ಕೆಲಸ. ಕೊನೆಗೆ ಸುಣ್ಣದ ಸಾರಣೆ.

ಅವರನ್ನು ಬಿಡಲು ರಿಕ್ಷಾದಲ್ಲಿ ನಾನೇ ಹೋದೆ. ರಿಕ್ಷಾ ತ್ರಾಸಿ ದಾಟಿತು. ಆಮೇಲೆ ಮೆಲ್ಲಗೆ ಕೇಳಿದರು.

"ಉಪ್ಪಿನ್ ಪೀಪಾಯಿ ಆ ಗ್ವಾಡಿಗ್ ತಾಗ್ಸಿ ಎಷ್ಟ್ ವರ್ಷ ಇಟ್ಟಿದ್ರಿ ಅಕ್ಕ?"

ಗಂಡ ತೀರಿಹೋದ ಮೇಲೆ ಬುಟ್ಟಿ ಹೊರುವ ಜೊತೆಗೆ ನಾನು ಮನೆಯಲ್ಲೇ ಮೀನಿಗೆ ಉಪ್ಪು ಹಾಕಿ ಮಾರುತ್ತಿದ್ದೆ. ಆಗ ಆ ಕೋಣೆಯಲ್ಲಿ ಅಡುಗೆ ಇರಲಿಲ್ಲ, ಉಪ್ಪಿನ ಚೀಲ ಮತ್ತು ಮೀನಿನ ಪೀಪಾಯಿ ಇದ್ದವು. ಉಪ್ಪುನೀರು ಇಳಿದಿಳಿದು ಗೋಡೆಯ ಬುಡಕ್ಕೆ ಹೋಗುತ್ತಿತ್ತು. ಹನ್ನೆರಡು ವರ್ಷ. ಮಗ ಮುಂಬೈಯಲ್ಲಿದ್ದ, ಅವನು ಬರುವ ಹೊತ್ತಿಗೆ ಪೀಪಾಯಿ ಮಾರಿ, ಕೋಣೆ ತೊಳೆದು, ಗೋಡೆಗೆ ಸಿಮೆಂಟು ಬಳಿಸಿಯಾಗಿತ್ತು. ಮನೆಯ ಕೆಲಸ ಮುಗಿಸಿ ಹೊರಡುವ ದಿನ ಮೇಸ್ತ್ರಿ ನನಗೆ ಹೇಳಿದ್ದು ಒಂದೇ ಮಾತು: ಉಪ್ಪನ್ನು ಗೋಡೆಗೆ ತಾಗಿಸಬೇಡಿ. ಮರೆತಿರಲಿಲ್ಲ. ಜಾಗವಿರಲಿಲ್ಲ, ಇಟ್ಟೆ.

"ಹನ್ನೆರಡ್" ಎಂದೆ. "ಮಗನ್ ಎದ್ರಿಗೆ ಯಾಕ್ ಹೇಳ್ಲಿಲ್ಲ?"

"ನಿಮ್ ಮನೆ ಮಾತ್, ನಾ ಹೇಳುದಾ? ಮಣ್ಣ್ ಮಾತ್ರ ನೀವೇ ಮೆತ್ತಿ. ಆಳಿಗ್ ಕೊಡ್ಬ್ಯಾಡಿ."

ನಾನೇ ಮೆತ್ತಿದೆ. ಐದು ಸಲ. ಸೊಂಟ ಬಿದ್ದುಹೋಯಿತು. ಕೆಲಸದವರನ್ನು ಕರೆಯುವ ಎಂದು ಮಗ ಬೊಬ್ಬೆ ಹಾಕಿದರೂ ಬಿಡಲಿಲ್ಲ. ಐದನೆಯ ಸಲದ ಮಣ್ಣು ಸಪ್ಪೆಯಾಗಿತ್ತು. ಮಳೆಗಾಲ ಪೂರ್ತಿ ಗೋಡೆ ಬೆವರಲಿಲ್ಲ, ತೊಲೆ ಕೂತಲ್ಲೇ ಇದೆ. ನವರಾತ್ರಿ ಕಳೆದ ಮೇಲೆ ಅವರನ್ನು ಕರೆತಂದು ಗೋಡೆ ಮುಟ್ಟಿಸಬೇಕೆಂದಿದ್ದೆ. ಅದಕ್ಕೆ ಮೊದಲೇ, ಕೋಟೇಶ್ವರದ ಕಡೆ ಮೀನು ಹೊರುವ ಹೆಂಗಸು ಮೇಸ್ತ್ರಿ ತೀರಿಹೋದ ಸುದ್ದಿ ತಂದಳು.

ಅವರ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಮಗನೂ ಬಂದಿದ್ದ. ಎಲೆಯ ಮುಂದೆ ಕುಳಿತು ಪಕ್ಕದವರಿಗೆಲ್ಲ ಹೇಳುತ್ತಿದ್ದ, ಕಣ್ಣು ಕಾಣದಿದ್ದರೂ ಕಡಲ ಗಾಳಿಯ ಉಪ್ಪನ್ನು ಅವರು ಹೇಗೆ ಹಿಡಿದರು ಎಂದು. ನಾನು ತಲೆ ತಗ್ಗಿಸಿ ಉಂಡೆ. ಅಷ್ಟು ಜನರ ನಡುವೆ ಬಾಯಿ ಬರಲಿಲ್ಲ. ಬರಬೇಕಿತ್ತು.

ಈಗ ಬರೆದಿದ್ದೇನೆ. ಮಗ ಓದಲಿ. ಕಡಲಿಗೆ ಸಾಕಷ್ಟು ದಂಡೆ ತಿಂದ ಪಾಪವಿದೆ, ಈ ಗೋಡೆಯ ಪಾಪವನ್ನೂ ಅದರ ತಲೆಗೆ ಕಟ್ಟುವುದು ಬೇಡ. ಅದು ನನ್ನದು. ಓದಿ ಸಿಟ್ಟು ಬಂದರೆ ಬರಲಿ, ಎರಡು ದಿನ ಮಾತು ಬಿಡಲಿ. ಆದರೆ ಆ ಯಂತ್ರದವನ ಮಾತು ಕೇಳಿ ಬಚ್ಚಲು ಒಡೆಸಿದ್ದು ನನ್ನ ಮಗನೇ. ಒಂದು ವರ್ಷವಾಯಿತು, ನಾನಿನ್ನೂ ಅಂಗಳದ ಮೂಲೆಯಲ್ಲಿ ತೆಂಗಿನ ಮಡಲಿನ ಮರೆ ಕಟ್ಟಿಕೊಂಡು ಮೀಯುತ್ತಿದ್ದೇನೆ. ಟೈಲ್ಸಿನ ಬಣ್ಣ ಹೊಂದುವುದಿಲ್ಲ ಎನ್ನುತ್ತಾನೆ. ಹೊಂದದಿದ್ದರೆ ಬೇಡ, ಹಾಕಿಸು ಮಾರಾಯ.