ಬಾಗಿನ ಕೊಟ್ಟು ಕಟ್ಟಿದ ಖೋ ಖೋ ತಂಡ

ಹುಲ್ಲಹಳ್ಳಿಯ ಬಸ್ ನಿಲ್ದಾಣದಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ, ನೂರಾರು ಜನರ ಸಮಕ್ಷಮದಲ್ಲಿ ಚಿಕ್ಕಬಸಮ್ಮ ತಪ್ಪು ಬೆನ್ನಿಗೆ ಖೋ ಕೊಟ್ಟರು.

ಹಿಂದಿನಿಂದ ನೋಡಿದರೆ ವನಿತಾಳೇ. ಅದೇ ಅಗಲವಾದ ಬೆನ್ನು, ಅದೇ ಗಟ್ಟಿ ತುರುಬು, ಕುಕ್ಕರಗಾಲಿನಲ್ಲಿ ಕೂತ ಅದೇ ಠೀವಿ. ಇಪ್ಪತ್ತೆರಡು ವರ್ಷಗಳ ಹಿಂದೆ ಅಂಕಣದ ಮೂರನೇ ಚೌಕದಲ್ಲಿ ಅವಳು ಹೀಗೆಯೇ ಕೂರುತ್ತಿದ್ದಳು. ಚಿಕ್ಕಬಸಮ್ಮ ಸದ್ದಿಲ್ಲದೆ ಹತ್ತಿರ ಹೋಗಿ, ಅಂಗೈ ಅಗಲಿಸಿ ಬೆನ್ನಿಗೊಂದು ಬಿಟ್ಟು, "ಖೋ!" ಎಂದು ಕೂಗಿದರು. ಕೂತಿದ್ದವಳು ಆಟದ ನಿಯಮದಂತೆ ಎದ್ದು ಓಡಲಿಲ್ಲ. ಮುಂದಿದ್ದ ದಂಟಿನ ಸೊಪ್ಪಿನ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದಳು.

"ಯಾವಳೇ ಅವ್ಳು! ಬೆನ್ ಮುರ್ದಾಕ್ಬುಟ್ಲು!" ಎಂದು ಸೊಪ್ಪಿನಾಕೆ ಎದ್ದಳು.

"ಅಯ್ಯೋ ತಪ್ಪಾಯ್ತು ಕನವ್ವ. ನಮ್ ವನಿತಾ ಅಂದ್ಕಂಡೆ."

"ವನಿತಾ ಆದ್ರೆ ಇಂಗ್ ಗುದ್ದೀಯಾ? ಅವ್ಳೇನ್ ಪಾಪ ಮಾಡಿದ್ಲು?"

ಚಿಕ್ಕಬಸಮ್ಮ ಅಲ್ಲೇ ನೆಲದ ಮೇಲೆ ಕೂತು ಚೆದುರಿದ ಸೊಪ್ಪನ್ನೆಲ್ಲ ಆಯ್ದು, ಮಣ್ಣು ಕೊಡವಿ, ಕಂತೆ ಕಟ್ಟಿದರು. ಕಟ್ಟುತ್ತ ಕಟ್ಟುತ್ತ ನಾಲ್ಕು ಕಂತೆ ಮಾರಿಯೂ ಕೊಟ್ಟರು. ಸೊಪ್ಪಿನಾಕೆಯ ಕೋಪ ಸೊಪ್ಪಿನಷ್ಟೇ ಬೇಗ ಬಾಡಿತು.

"ಯಾವ ವನಿತಾ? ಚಲುವಯ್ಯನ ಸೊಸೇನಾ? ಡೈರಿ ಪಕ್ಕದ ಮನೆ. ಏನ್ ಇಸ್ಯ?"

"ಖೋ ಖೋ ಆಡೋಕೆ ಕರ್ಕಂಡೋಗ್ಬೇಕು."

ಸೊಪ್ಪಿನಾಕೆ ಇವರನ್ನು ಮೇಲಿಂದ ಕೆಳಗೆ ನೋಡಿದಳು. "ಆಟ ಗೀಟ ಅಂದ್ರೆ ಅವ್ಳ ಅತ್ತೆ ಬಾಗ್ಲು ಆಕ್ಬುಡ್ತಾಳೆ. ಬರಿಗೈಲಿ ಓಗ್ಬ್ಯಾಡ ಕನಕ್ಕ. ಗೌರಿ ಹಬ್ಬ ಬತ್ತಾ ಅದೆ. ತವರಿಂದ ಬಾಗ್ನ ತಂದಿವ್ನಿ ಅಂತ ಓಗು. ತವರಿನ ಬಾಗ್ನ ಬ್ಯಾಡ ಅನ್ನೋ ಅತ್ತೆ ಇನ್ನೂ ಉಟ್ಟಿಲ್ಲ."

ಬೆನ್ನಿಗೆ ಪೆಟ್ಟು ಕೊಟ್ಟವರಿಗೆ ಇಷ್ಟು ಒಳ್ಳೆಯ ಬುದ್ಧಿ ಕೊಡುವ ಜನ ಇರುವುದರಿಂದಲೇ ಲೋಕ ನಡೆದಿದೆ. ಚಿಕ್ಕಬಸಮ್ಮ ಕೈಮುಗಿದು, ಎರಡು ಕಂತೆ ಸೊಪ್ಪು ಕೊಂಡು, ವನಿತಾಳ ಮನೆ ಕಡೆ ತಲೆಯೂ ಹಾಕದೆ ಬಂದ ಬಸ್ಸಿಗೇ ವಾಪಸಾದರು.

ಅವರ ಊರು ತಿ. ನರಸೀಪುರದ ಕಡೆಯ ಹೊಂಗೆಹುಂಡಿ. ವಯಸ್ಸು ಐವತ್ತೊಂದು. ಕೆಲಸ ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆ. ಗಂಡ ಶಿವಸ್ವಾಮಿ ಲಗೇಜ್ ಆಟೋ ಓಡಿಸುತ್ತಾರೆ. ಮಾತು ಕಡಿಮೆ, ಹಾರನ್ನು ಜಾಸ್ತಿ. ಹೆಂಡತಿಯ ಹೆಸರಿನಲ್ಲೇ ಚಿಕ್ಕದೊಂದು ಬಸ್ಸು ಇರುವುದರಿಂದ ಆಕೆಯ ಓಡಾಟವನ್ನು ತಡೆಯಲು ಅವರು ಎಂದೂ ಹೋದವರಲ್ಲ.

ಕಾನ್ವೆಂಟಿನಲ್ಲಿ ಓದಿದವರಿಗೆ ಖೋ ಖೋ ಎಂದರೆ ಕೆಮ್ಮು. ಸಿಸ್ಟರ್ ಥರ್ಮಾಮೀಟರ್ ತರುತ್ತಿದ್ದರು. ಹೊಂಗೆಹುಂಡಿಯಲ್ಲಿ ಖೋ ಖೋ ಎಂದರೆ ಮರ್ಯಾದೆ. ಇಪ್ಪತ್ತೆರಡು ವರ್ಷಗಳ ಹಿಂದೆ ಆ ಊರಿನ ಕಪಿಲಾ ಯುವತಿ ಮಂಡಳಿ ಎರಡು ತಾಲ್ಲೂಕಿನ ಪಂದ್ಯಾವಳಿಯಲ್ಲಿ ಶೀಲ್ಡು ಗೆದ್ದಿತ್ತು. ಕ್ಯಾಪ್ಟನ್ ಚಿಕ್ಕಬಸಮ್ಮ. ತಂಡದಲ್ಲಿ ಮದುವೆಯಾಗಿದ್ದವರು ಅವರೊಬ್ಬರೇ. ಊರ ಸೊಸೆ ಊರ ಹೆಣ್ಣುಮಕ್ಕಳನ್ನು ಓಡಿಸುತ್ತಿದ್ದರು. ಆಮೇಲೆ ಆಗಬೇಕಾದ್ದೇ ಆಯಿತು. ಗಂಡಸರ ತಂಡಕ್ಕೆ ವಯಸ್ಸಾಗುತ್ತದೆ, ಹೆಂಗಸರ ತಂಡಕ್ಕೆ ಮದುವೆಯಾಗುತ್ತದೆ. ಒಂದೇ ಅಂಕಣದಲ್ಲಿ ಸಾಲಾಗಿ ಕೂರುತ್ತಿದ್ದವರು ಹುಲ್ಲಹಳ್ಳಿ, ಬನ್ನೂರು, ಚಿಕ್ಕಯ್ಯನಛತ್ರ ಎಂದು ಬಸ್ಸಿನ ಬೋರ್ಡುಗಳಂತೆ ಹಂಚಿಹೋದರು.

ಈಗ ಊರಿನಲ್ಲಿ ಉಳಿದಿದ್ದವರು ಪಿಯುಸಿ ಓದುವ ಕೋಮಲ ಮತ್ತು ಅವಳ ಜೊತೆಯ ನಾಲ್ವರು ಹುಡುಗಿಯರು. ಅಂಕಣಕ್ಕಿಳಿಯಲು ಒಂಬತ್ತು ಜನ ಬೇಕು. ಐವರನ್ನು ಯಾವ ಗಣಿತದಿಂದ ಕೂಡಿದರೂ ಒಂಬತ್ತಾಗುವುದಿಲ್ಲ. ಎರಡು ವರ್ಷದಿಂದ ಪಂದ್ಯಾವಳಿಗೆ ಹೊಂಗೆಹುಂಡಿಯ ತಂಡ ಹೋಗಿರಲಿಲ್ಲ. ಪಂಚಾಯಿತಿ ಸದಸ್ಯ ನಂಜುಂಡಸ್ವಾಮಿ ಇದನ್ನು ಗಮನಿಸಿ ಶಾಲೆಯ ಅಡಿಗೆಮನೆಗೇ ಬಂದಿದ್ದರು.

"ಬಸಮ್ಮಕ್ಕ, ಬೇಜಾರ್ ಮಾಡ್ಕಬ್ಯಾಡ. ಸ್ಕೂಲ್ ಪಕ್ದಲ್ಲಿ ಆಡೋರಿಲ್ದ ಅಂಕಣ ಮಡಿಕ್ಕಂಡ್ ಏನ್ ಮಾಡದು? ಅಲ್ಲಿ ಐದು ಮಳಿಗೆ ಕಟ್ಟವ ಅಂತ ಇವ್ನಿ."

"ಆ ಜಾಗ ಕೊಡಾಕಿಲ್ಲ ಕನಪ್ಪ."

"ಅಂಗಾದ್ರೆ ಈ ಸಲ ನರಸೀಪುರದಲ್ಲಿ ಒಂಬತ್ತು ಜನನ ನಿಲ್ಸು. ನಿಲ್ಸುದ್ರೆ ನಾನೇ ಅಂಕಣಕ್ಕೆ ಸುಣ್ಣದ ಗೆರೆ ಎಳುಸ್ತೀನಿ. ಇಲ್ದಿದ್ರೆ ಪಾಯ ತೋಡುಸ್ತೀನಿ."

ಗೆಲ್ಲಬೇಕೆಂದು ಅವರು ಕೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರಿಗಿತ್ತು. ಪಂದ್ಯಾವಳಿಯ ನಿಯಮವೂ ದೊಡ್ಡ ಮನಸ್ಸಿನದೇ: ತಂಡದ ಊರು ಆಟಗಾರ್ತಿಗೆ ಹುಟ್ಟಿದ ಊರಾದರೂ ಸರಿ, ಸೇರಿದ ಊರಾದರೂ ಸರಿ, ವಯಸ್ಸು ಕೇಳುವುದಿಲ್ಲ. ಚಿಕ್ಕಬಸಮ್ಮ ಬೆರಳು ಮಡಚಿ ಎಣಿಸಿದರು. ಹುಡುಗಿಯರು ಐವರು, ತಾನೊಬ್ಬಳು. ಇನ್ನು ಮೂವರು ಬೇಕು: ವನಿತಾ, ರೋಜಾ, ಸುನೀತಾ.

ಸೊಪ್ಪಿನಾಕೆಯ ಬುದ್ಧಿವಾದದಂತೆ ಮುಂದಿನ ವಾರ ಅವರು ವನಿತಾಳ ಅಪ್ಪ ಅಮ್ಮನಿಂದ ಮೊರದ ಬಾಗಿನ ಇಸಿದುಕೊಂಡು ಹುಲ್ಲಹಳ್ಳಿಗೆ ಹೋದರು. ಅತ್ತೆ ನಗುನಗುತ್ತ ಚಾಪೆ ಹಾಸಿ, ಕಾಫಿ ಕೊಟ್ಟು, ಬಾಗಿನದ ಮೇಲಿನ ಮೊರವನ್ನು ಎತ್ತಿದರು. ಅರಿಶಿನ, ಕುಂಕುಮ, ಬಳೆ, ಬೆಲ್ಲ, ತೊಗರಿಬೇಳೆ. ಎಲ್ಲದರ ಅಡಿಯಲ್ಲಿ ನೀಲಿ ಬಣ್ಣದ ಬಟ್ಟೆಯೊಂದು.

"ಇದೇನವ್ವ, ಬಾಗ್ನದಲ್ಲಿ ಬನೀನು?"

"ಬನೀನಲ್ಲ ಕನಮ್ಮ. ಜರ್ಸಿ."

"ಜರ್ಸಿ ಅಂದ್ರೆ ಅಸ ಅಲ್ವಾ? ನಮ್ ಕೊಟ್ಗೇಲಿ ಎರಡವೆ."

"ಇದು ಆಕ್ಕಳೋ ಜರ್ಸಿ. ಖೋ ಖೋ ಆಡೋಕೆ." ಚಿಕ್ಕಬಸಮ್ಮ ಒಂದೇ ಉಸಿರಿಗೆ ಮಳಿಗೆಯ ಕಥೆ, ಒಂಬತ್ತು ಜನರ ಕಥೆ ಎಲ್ಲ ಹೇಳಿ ಮುಗಿಸಿದರು.

ಅತ್ತೆ ಸೊಸೆಯ ಕಡೆ ತಿರುಗಿದರು. ವನಿತಾ ಬಾಗಿಲಿಗೆ ಒರಗಿ ನಿಂತು ನೆಲ ನೋಡುತ್ತಿದ್ದಳು. ಆದರೆ ಅವಳ ಹೆಬ್ಬೆರಳು ಆಗಲೇ ನೆಲದ ಮೇಲೆ ಚೌಕ ಬರೆಯುತ್ತಿತ್ತು.

"ನೀನ್ ಆಟ ಆಡ್ತಿದ್ದೇನೇ? ಒಂದಿನಾನೂ ಏಳ್ನಿಲ್ಲ!"

"ನೀವ್ ಕೇಳ್ನಿಲ್ವಲ್ಲ ಅತ್ತೆ."

ಬಾಗಿನ ಮನೆಯೊಳಗೆ ಬಂದಾಗಿತ್ತು. ತವರಿನ ಬಾಗಿನವನ್ನು ವಾಪಸು ಕಳಿಸುವುದು ಸಾಧ್ಯವಿರಲಿಲ್ಲ. ಅತ್ತೆ ಜರ್ಸಿಯನ್ನು ಮಡಚಿಟ್ಟು ಒಂದು ಷರತ್ತು ಹಾಕಿದರು. "ನಾನೂ ಬತ್ತೀನಿ ನೋಡೋಕೆ."

ರೋಜಾಳ ವಿಷಯ ಬೇರೆ. ಚಿಕ್ಕಯ್ಯನಛತ್ರದಲ್ಲಿ ಅವಳು ಆಶಾ ಕಾರ್ಯಕರ್ತೆ; ಗಂಡ ರಾಹುಲ್ ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವರದು ಬೌದ್ಧರ ಮನೆ, ಗೌರಿಯ ಪೂಜೆಯಿಲ್ಲ. ಅದನ್ನು ತಿಳಿದೇ ಚಿಕ್ಕಬಸಮ್ಮ ಒಂದು ಚಿಪ್ಪು ರಸಬಾಳೆ ಹಿಡಿದು ಹೋಗಿ, ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ತುದಿಗೆ ಕೂತರು.

"ಅಕ್ಕ, ವನಿತಂಗೆ ಬಾಗಿನ ಕೊಟ್ರಂತೆ. ನಂಗಿಲ್ವಾ?" ಎಂದಳು ರೋಜಾ.

"ಅಯ್ಯೋ, ನೀವ್ ಮಾಡಲ್ವಲ್ಲ ಕನವ್ವ... ಅದ್ಕೇ..."

"ಮಾಡಲ್ಲ. ಗಾಬ್ರಿ ಆಯ್ತೀರಾ ಅಂತ ನೋಡ್ದೆ." ರೋಜಾ ನಕ್ಕಳು. "ಯಾವತ್ತು ಮ್ಯಾಚು?"

ಚಿಕ್ಕಬಸಮ್ಮ ಅಭ್ಯಾಸಬಲದಿಂದ ರಾಹುಲನ ಮುಖ ನೋಡಿದರು. "ಕಳುಸ್ತೀಯೇನಪ್ಪ?"

"ಕಳ್ಸೋಕೆ ಅವ್ಳೇನ್ ಪಾರ್ಸೆಲ್ಲಾ ಅಕ್ಕ? ನನ್ನ ಕೇಳಿದ್ದು ಗೊತ್ತಾದ್ರೆ ನಂಗೇ ಬೈತಾಳೆ. ಅದಲ್ದೆ ನಿಮ್ ಕಥೆ ನಂಗೆ ಮದ್ವೆಯಾದ ವಾರದಲ್ಲೇ ಹೇಳವ್ಳೆ."

ಆ ಕಥೆ ಇಷ್ಟೇ. ರೋಜಾ ತಂಡಕ್ಕೆ ಸೇರಿದ ಹೊಸದರಲ್ಲಿ ಒಂದಿಬ್ಬರು ಹುಡುಗಿಯರು ಅವಳ ಹಿಂದೆ ಬಂದು, ಬೆನ್ನು ಮುಟ್ಟದೆ, ಒಂದು ಗೇಣು ದೂರದಿಂದಲೇ ಖೋ ಎನ್ನುತ್ತಿದ್ದರು. ಯಾಕೆಂದು ರೋಜಾಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಮೂರನೇ ದಿನ ಚಿಕ್ಕಬಸಮ್ಮ ಆಟ ನಿಲ್ಲಿಸಿ, "ಮುಟ್ದೆ ಕೊಟ್ಟ ಖೋ ಫೌಲು. ಮುಟ್ಟೋಕಾಗದೆ ಇರೋರು ಮನೇಗೆ ಓಗಿ ರಾಗಿ ಬೀಸಿ" ಎಂದರು. ಯಾರೂ ಮನೆಗೆ ಹೋಗಲಿಲ್ಲ. ಅಂದಿನ ಉಳಿದ ಆಟವೆಲ್ಲ ರೋಜಾಳ ಬೆನ್ನಿಗೆ ಎಷ್ಟು ಪೆಟ್ಟು ಬಿತ್ತೆಂದರೆ, ರಾತ್ರಿ ಬೆನ್ನು ನೋವಿಗೆ ಎಣ್ಣೆ ಹಚ್ಚಿಸಿಕೊಂಡು ಖುಷಿಯಿಂದ ಅತ್ತಿದ್ದಳಂತೆ. ಇದು ಚಿಕ್ಕಬಸಮ್ಮನಿಗೆ ನೆನಪೇ ಇರಲಿಲ್ಲ. "ನಿಯಮ ಅಲ್ವಾ ಅದು?" ಎಂದಷ್ಟೇ ಹೇಳಿ ಬಸ್ಸು ಹಿಡಿದರು.

ಉಳಿದವಳು ಬನ್ನೂರಿನ ಸುನೀತಾ, ಟೈಲರ್. ಅವಳ ಅಪ್ಪ ಅಮ್ಮ ತೀರಿಕೊಂಡಿದ್ದರು. ಇದ್ದೊಬ್ಬ ಅಣ್ಣ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಹಬ್ಬಕ್ಕೆ ಕರೆಯಲು ತವರಿನಲ್ಲಿ ಯಾರೂ ಇರಲಿಲ್ಲ. ಗೌರಿ ಹಬ್ಬದ ದಿನ ಬೆಳಿಗ್ಗೆ ಶಿವಸ್ವಾಮಿಯ ಲಗೇಜ್ ಆಟೋ ಅವಳ ಮನೆ ಮುಂದೆ ನಿಂತಿತು. ಹಿಂದೆ ಲಗೇಜು ಇಡುವ ಜಾಗದಲ್ಲಿ, ಮಡಿಲಲ್ಲಿ ಬಾಗಿನ ಇಟ್ಟುಕೊಂಡು ಚಿಕ್ಕಬಸಮ್ಮ ಕೂತಿದ್ದರು. ಸುನೀತಾ ಹೊರಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಎದುರು ಮನೆಯ ಹೆಂಗಸು ಕುತೂಹಲದಿಂದ ಕೇಳಿದಳು. "ಯಾವ್ ಕಡೆಯೋರು?"

ಉತ್ತರ ಕೊಟ್ಟದ್ದು ಯಾವತ್ತೂ ಮಾತಾಡದ ಶಿವಸ್ವಾಮಿ. "ತವರ್ ಕಡೆಯೋರು."

ಸುನೀತಾ ಬಾಗಿನ ತೆಗೆದುಕೊಂಡಳು, ಕಾಲಿಗೆ ಬಿದ್ದಳು, ಒಬ್ಬಟ್ಟು ಬಡಿಸಿದಳು. ಬಡಿಸುವಾಗಲೆಲ್ಲ ಕಣ್ಣು ಒರೆಸಿಕೊಂಡು ಒಲೆಯ ಹೊಗೆಯನ್ನು ಬೈದಳು. ಅವರ ಮನೆಯಲ್ಲಿದ್ದದ್ದು ಗ್ಯಾಸ್ ಒಲೆ.

ವಾಪಸು ಬರುವಾಗ ಶಿವಸ್ವಾಮಿ ಅರ್ಧ ದಾರಿಯಲ್ಲಿ ಕೇಳಿದರು. "ಆಟದ್ ಇಸ್ಯ ಎತ್ಲೇ ಇಲ್ವಲ್ಲ?"

"ಬಾಗ್ನ ಕೊಟ್ಟು ಕೇಳುದ್ರೆ ಲಂಚ ಆಯ್ತದೆ."

"ವನಿತಂಗೆ ಕೊಟ್ಟಿದ್ದು?"

"ಅದು ಅವ್ಳ ಅತ್ತೆಗೆ ಕೊಟ್ಟಿದ್ದು. ಅದು ಲಂಚಾನೇ."

ಆಮೇಲೆ ಮೂರು ದಿನ ತಂಡದ ಲೆಕ್ಕ ಎಂಟರಲ್ಲೇ ನಿಂತಿತು. ನಂಜುಂಡಸ್ವಾಮಿ ಒಂದು ಬೆಳಿಗ್ಗೆ ಮೇಸ್ತ್ರಿಯೊಬ್ಬನನ್ನು ಕರೆತಂದು ಅಂಕಣದ ಉದ್ದ ಅಳೆಸಿಕೊಂಡು ಹೋದರು. ಟೇಪು ಸುತ್ತಿಕೊಳ್ಳುವ ಸದ್ದು ಶಾಲೆಯ ಅಡಿಗೆಮನೆಗೆ ಕೇಳಿಸಿತು. ಚಿಕ್ಕಬಸಮ್ಮ ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದರು. ನಾಲ್ಕನೇ ದಿನ ಮಧ್ಯಾಹ್ನ ಸುನೀತಾ ಬಸ್ಸಿನಿಂದ ಇಳಿದು ನೇರವಾಗಿ ಶಾಲೆಗೇ ಬಂದಳು. ರೋಜಾ ಫೋನಿನಲ್ಲಿ ಎಲ್ಲ ಹೇಳಿದ್ದಳು.

"ಮನೆ ತಂಕ ಬಂದು ಒಂದ್ ಮಾತ್ ಕೇಳ್ಬಾರ್ದಾ ಅಕ್ಕ?" ಎಂದು ಜಗಳಕ್ಕೇ ನಿಂತಳು. ಚೀಲದಲ್ಲಿ ಅವಳೇ ಹೊಲಿದ ಒಂಬತ್ತು ಟ್ರ್ಯಾಕ್ ಪ್ಯಾಂಟುಗಳಿದ್ದವು. ಸೊಂಟದ ಎಲಾಸ್ಟಿಕ್ಕನ್ನು ಮಾತ್ರ ನಾಲ್ಕಕ್ಕೆ ಧಾರಾಳವಾಗಿ ಬಿಟ್ಟಿದ್ದಳು.

ಪಂದ್ಯಕ್ಕೆ ಉಳಿದ ದಿನಗಳಲ್ಲಿ ಮೂವರೂ ಸಂಜೆ ಬಸ್ಸಿಗೆ ಬಂದು ಸೇರುತ್ತಿದ್ದರು; ಅಭ್ಯಾಸವನ್ನು ನೋಡಲು ಊರೇ ಬರುತ್ತಿತ್ತು. ಚೌಕದಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು ಸುಲಭವೇ ಆಗಿತ್ತು. ಏಳುವುದು ದೇವರ ಇಚ್ಛೆ. ಯುವತಿ ಮಂಡಳಿಯ ಹಿರಿಯರ ಮಂಡಿಗಳು ಲಟಲಟ ಎಂದು ತಾವೇ ಮಾತಾಡುತ್ತಿದ್ದವು.

"ಅಕ್ಕ, ಖೋ ಕೊಟ್ರೆ ಎದ್ದೋಡ್ಬೇಕು. ಕೈ ಕೊಡು ಅಂತ ಕೇಳ್ಬಾರ್ದು," ಎಂದಳು ಕೋಮಲ.

"ನಲ್ವತ್ತಾಗ್ಲಿ ಕಣಮ್ಮಿ ನಿಂಗೂ. ಆವಾಗ ನಾನೇ ಬಂದು ಕೈ ಕೊಡ್ತೀನಿ," ಎಂದಳು ವನಿತಾ.

ಆದರೆ ಓಡುವವರ ಕಣ್ಣು ಎತ್ತ ಹೊರಳಿದರೆ ಕಾಲು ಎತ್ತ ಹೊರಳುತ್ತದೆ, ಕಂಬದ ಹತ್ತಿರ ಯಾವ ಭುಜ ಬಗ್ಗಿಸಬೇಕು, ಖೋ ಕೊಡುವಂತೆ ಮಾಡಿ ಹೇಗೆ ಕೊಡದೆ ಇರಬೇಕು ಎಂಬುದನ್ನೆಲ್ಲ ಆ ಹುಡುಗಿಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರೋಜಾ ಹೇಳಿಕೊಟ್ಟಳು. ಮೂರನೇ ಸಂಜೆಯ ಹೊತ್ತಿಗೆ ಕೋಮಲ ಮೊಂಡಾಟ ಬಿಟ್ಟು, ರೋಜಾ ಹೋದಲ್ಲೆಲ್ಲ ಹಿಂದೆಯೇ ಹೋಗತೊಡಗಿದಳು.

ನರಸೀಪುರದ ಮೈದಾನದಲ್ಲಿ ಒಂಬತ್ತು ನೀಲಿ ಜರ್ಸಿಗಳು ಇಳಿದವು. ಮೊದಲ ಸುತ್ತಿನಲ್ಲೇ ಹನ್ನೊಂದು ಅಂಕದಿಂದ ಸೋತವು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಚಿಕ್ಕಬಸಮ್ಮ ಓಡಲು ಇಳಿದ ಹತ್ತೊಂಬತ್ತು ಸೆಕೆಂಡಿಗೆ ಔಟಾದರು. ಸುನೀತಾ ಕಂಬಕ್ಕೆ ಹಾರಿ ಕಂಬವನ್ನು ತಪ್ಪಿಸಿ ಅಂಪೈರನ್ನು ಹಿಡಿದಳು. ಆದರೆ ಕೋಮಲ ಎರಡೂವರೆ ನಿಮಿಷ ಎದುರಾಳಿಗಳ ಕೈಗೆ ಸಿಗದೆ ಓಡಿದಳು. ರೋಜಾಳ ಖೋಗೆ ಎದ್ದ ವನಿತಾ ಇಬ್ಬರನ್ನು ಬೆನ್ನುಬೆನ್ನಿಗೆ ಮುಟ್ಟಿದಳು. ಬೇಲಿಯ ಆಚೆಯಿಂದ ಅವಳ ಅತ್ತೆಯ ಧ್ವನಿ ಮೈಕಿಗಿಂತ ಜೋರಾಗಿತ್ತು. "ಏಳೇ ವನಿತಾ! ಒಲೆ ಮುಂದೆ ಕೂತಂಗ್ ಕೂತವ್ಳೆ! ಆ, ಇಡ್ಕ, ಇಡ್ಕ! ನಮ್ ಸೊಸೆ ಕನ್ರಪ್ಪ ಅದು, ನಮ್ ಸೊಸೆ!"

ಆಟ ಮುಗಿದ ಮೇಲೆ ಒಂಬತ್ತು ಜನರೂ ಸೋತ ಲಕ್ಷಣವೇ ಇಲ್ಲದೆ ಒಬ್ಬರ ಬೆನ್ನಿಗೊಬ್ಬರು ಬಡಿದುಕೊಂಡು ನಗುತ್ತಿದ್ದರು. ವನಿತಾ, ರೋಜಾ, ಸುನೀತಾ ಮೂವರೂ ಸರದಿಯಂತೆ ಚಿಕ್ಕಬಸಮ್ಮನ ಕೈ ಹಿಡಿದು, ಏನೋ ಹೇಳಲು ಹೋಗಿ, ಹೇಳದೆ, ಮಂಡಿ ನೋವಿನ ಮಾತಾಡಿದರು. ಥ್ಯಾಂಕ್ಸ್ ಎಂಬ ಪದ ನಮ್ಮ ಕಡೆ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಮಂಡಿ ನೋವು ಬರುತ್ತದೆ.

ನಂಜುಂಡಸ್ವಾಮಿಯೂ ಬಂದಿದ್ದರು. "ಒಂಬತ್ತು ಅಂದಿದ್ದೆ, ಒಂಬತ್ತೂ ನಿಂತ್ಕಂಡ್ರಿ. ನಾಳೇನೇ ಸುಣ್ಣ ಆಕುಸ್ತೀನಿ ಬಸಮ್ಮಕ್ಕ. ಮಳಿಗೆ ಮಾತು ಮುಗೀತು," ಎಂದು ಎಲ್ಲರೆದುರಿಗೇ ಹೇಳಿದರು. ಹುಡುಗಿಯರು ಕಿರುಚಿದ ಸದ್ದಿಗೆ ಪಕ್ಕದ ಅಂಕಣದ ಆಟ ನಿಂತಿತು.

ಅಲ್ಲಿಗೆ ಪತ್ರಿಕೆಯ ವರದಿಗಾರನೊಬ್ಬ ಫೋನು ಹಿಡಿದು ಬಂದ. ಐವತ್ತೊಂದರ ಆಟಗಾರ್ತಿ ಅವನಿಗೆ ಸುದ್ದಿಯಾಗಿದ್ದರು. ಹುಡುಗಿಯರೆಲ್ಲ ಸುತ್ತ ಕೂತರು. ವನಿತಾಳ ಅತ್ತೆ ಸೆರಗು ಸರಿಮಾಡಿಕೊಂಡು ಚೌಕಟ್ಟಿನೊಳಗೆ ಬಂದರು. ರೋಜಾಳ ಕಣ್ಣು ಆಗಲೇ ಒದ್ದೆಯಾಗಿತ್ತು.

"ಅಮ್ಮ, ಊರೂರು ಅಲೆದು ತಂಡ ಕಟ್ಟಿದ್ರಿ. ಈ ವಯಸ್ಸಲ್ಲಿ ಓಡಿದ್ರಿ. ಆ ಒಂದು ಅಂಕಣ ಉಳಿಸ್ಕೊಳ್ಳೋಕೆ ಇಷ್ಟೆಲ್ಲ ಯಾಕೆ ಕಷ್ಟಪಟ್ರಿ? ಹೆಣ್ಣುಮಕ್ಕಳ ಭವಿಷ್ಯಕ್ಕೇ ಅಲ್ವಾ?"

ಚಿಕ್ಕಬಸಮ್ಮ ಮಂಡಿ ನೀವಿಕೊಂಡರು.

"ಅಂಗೂ ಬರ್ಕಳಿ ಸಾ. ಆದ್ರೆ ಸುಗ್ಗೀಲಿ ನಮ್ ಉಳ್ಳಿಕಾಳು ಬಡಿಯೋಕೆ ಊರಲ್ಲಿ ಬ್ಯಾರೆ ಜಾಗ ಎಲ್ಲದೆ? ಈ ಮಕ್ಳು ದಿನಾ ತುಳುದ್ರೆ ನೆಲ ಗಟ್ಟಿ ಆಯ್ತದೆ, ಒಂದ್ ಕಾಳೂ ಮಣ್ಣಾಗಲ್ಲ."